ರೋಮ್ ಬಿದ್ದಿದ್ದು 476ರಲ್ಲಿ ಅಲ್ಲ

ರೋಮ್ ಯಾವಾಗ ಬಿತ್ತು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ ಕ್ರಿ.ಶ. 476. ಒಡೋಏಸರ್ ಎಂಬ ಸೇನಾನಿ ರೋಮ್ಯುಲಸ್ ಎಂಬ ಹುಡುಗ ಚಕ್ರವರ್ತಿಯನ್ನು ಇಳಿಸಿದ, ಅಲ್ಲಿಗೆ ಮುಗೀತು ಅಂತ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಆ ಹುಡುಗನನ್ನು ಕೊಲ್ಲಲೂ ಇಲ್ಲ. ವರ್ಷಾಶನ ಗೊತ್ತುಮಾಡಿ ದಕ್ಷಿಣ ಇಟಲಿಯ ಕಾಂಪಾನಿಯಾಕ್ಕೆ ಕಳಿಸಿಬಿಟ್ಟರು. ಕೊಂದು ಕಿತ್ತುಕೊಳ್ಳುವಷ್ಟು ಬೆಲೆ ಆ ಪಟ್ಟಕ್ಕೆ ಉಳಿದಿರಲಿಲ್ಲ.

ಬೆಲೆ ಹೇಗೆ ಇಳಿಯಿತು ಅಂತ ತಿಳಿಯಲು ನಾಣ್ಯ ನೋಡಬೇಕು. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ದಿನಾರಿಯಸ್ ನಾಣ್ಯ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ಅಷ್ಟು ದೂರಕ್ಕೂ ಅದರ ಬೆಳ್ಳಿಯ ಮೇಲೆ ನಂಬಿಕೆಯಿತ್ತು. ಆಮೇಲೆ ಹಲವು ಚಕ್ರವರ್ತಿಗಳು ಸೈನಿಕರ ಸಂಬಳ ಏರಿಸಿದರು. ಬೆಳ್ಳಿ ಸಾಲಲಿಲ್ಲ, ತಾಮ್ರ ಬೆರೆಸಿದರು. 260ರ ದಶಕ ಮುಗಿಯುವ ಹೊತ್ತಿಗೆ ಬೆಳ್ಳಿ ನೂರಕ್ಕೆ ಐದು ಪಾಲೂ ಇಲ್ಲ. ತಾಮ್ರದ ಬಿಲ್ಲೆ, ಮೇಲೆ ತೆಳ್ಳನೆಯ ಬೆಳ್ಳಿ ಲೇಪ. ಕೈಯಿಂದ ಕೈಗೆ ದಾಟುತ್ತಾ ಲೇಪ ಸವೆದರೆ ಚಕ್ರವರ್ತಿಯ ಮುಖದಲ್ಲೇ ತಾಮ್ರದ ಕೆಂಪು. ಜನ ಹಳೇ ಬೆಳ್ಳಿಯನ್ನು ಬಚ್ಚಿಟ್ಟು ಹೊಸದನ್ನು ಸಂತೆಗೆ ತಂದರು. ಬೆಲೆಗಳು ಏರಿದವು. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಸಾವಿರಕ್ಕೂ ಹೆಚ್ಚು ಸಾಮಾನು, ಕೂಲಿಗಳಿಗೆ ದರ ಕಟ್ಟಿ, ಮೀರಿದವರಿಗೆ ಮರಣದಂಡನೆ ಅಂದ. ಆದರೂ ನಡೆಯಲಿಲ್ಲ.

ಇಷ್ಟಾದರೂ ರೋಮ್ ಚೇತರಿಸಿಕೊಂಡಿತು ಅನ್ನೋದನ್ನು ನಾವು ಮರೆಯುತ್ತೇವೆ. ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ ಚಿನ್ನದ ನಾಣ್ಯ ಶತಮಾನಗಳ ಕಾಲ ಗಟ್ಟಿಯಾಗಿ ನಿಂತಿತು. 410ರಲ್ಲಿ ಗಾಥರು ಎಂಬ ಬುಡಕಟ್ಟಿನವರು ರೋಮ್ ನಗರವನ್ನು ಮೂರು ದಿನ ದೋಚಿದರು. ಅವಮಾನವೇನೋ ದೊಡ್ಡದು, ಸಾಮ್ರಾಜ್ಯ ಮಾತ್ರ ನಡೆಯುತ್ತಲೇ ಇತ್ತು.

ಬೆನ್ನುಮೂಳೆ ಮುರಿದದ್ದು 439ರಲ್ಲಿ. ವ್ಯಾಂಡಲರು ಎಂಬ ಬುಡಕಟ್ಟಿನ ರಾಜ ಗೈಸೆರಿಕ್ ಉತ್ತರ ಆಫ್ರಿಕಾದ ಕಾರ್ಥೇಜ್ ನಗರ ಹಿಡಿದ. ರೋಮಿಗೆ ಗೋಧಿ, ಎಣ್ಣೆ ಹೋಗುತ್ತಿದ್ದದ್ದು ಆ ಉತ್ತರ ಆಫ್ರಿಕಾದಿಂದಲೇ. ಅಷ್ಟರಲ್ಲಿ ಸಾಮ್ರಾಜ್ಯ ಪೂರ್ವ, ಪಶ್ಚಿಮ ಅಂತ ಎರಡಾಗಿತ್ತು; ರೋಮ್ ಇದ್ದದ್ದು ಪಶ್ಚಿಮದಲ್ಲಿ. ಆ ಪಶ್ಚಿಮದ ಖಜಾನೆಗೆ ಜಾಸ್ತಿ ಕಂದಾಯ ಕೊಡುತ್ತಿದ್ದ ಸೀಮೆಯೂ ಅದೇ. ಕಂದಾಯ ನಿಂತಿತು, ಸೈನ್ಯಕ್ಕೆ ಸಂಬಳವಿಲ್ಲ. ಸೈನ್ಯ ಕರಗಿತು, ಮತ್ತಷ್ಟು ಪ್ರಾಂತ್ಯ ಕೈತಪ್ಪಿತು, ಕಂದಾಯ ಇನ್ನೂ ಇಳಿಯಿತು. 468ರಲ್ಲಿ ಪೂರ್ವ, ಪಶ್ಚಿಮ ಎರಡೂ ಸೇರಿ ಭಾರಿ ಹಡಗುಪಡೆ ಕಳಿಸಿದವು. ಗೈಸೆರಿಕ್ ಬೆಂಕಿ ಹಚ್ಚಿದ ಹಡಗುಗಳನ್ನು ಗಾಳಿಯ ದಿಕ್ಕಿನಲ್ಲಿ ಅದರೊಳಕ್ಕೇ ನುಗ್ಗಿಸಿದ. ಕೊನೆಯ ಆಸೆಯೂ ಸುಟ್ಟುಹೋಯಿತು.

ಪಠ್ಯಪುಸ್ತಕದಲ್ಲಿ ಒಂದೇ ಇಸವಿ ಹಾಕಬೇಕು ಅಂದರೆ ನಾನು 439 ಹಾಕುತ್ತೇನೆ. ‘ಅನಾಗರಿಕರು ಬಂದರು, ರೋಮ್ ಬಿತ್ತು’ ಅಂತ ಸುಮ್ನೆ ಹೇಳಿಬಿಟ್ಟರೆ, ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಯಾಕೆ ಉಳಿಯಿತು ಅನ್ನೋದಕ್ಕೆ ಉತ್ತರವಿಲ್ಲ. ದಾಳಿ ಅಲ್ಲಿಗೂ ಬಂತು. ಕೈಲಾಗದ ದೊರೆಗಳು ಅಲ್ಲೂ ಇದ್ದರು. ಆದರೆ ಈಜಿಪ್ಟಿನ ಗೋಧಿ, ಕಂದಾಯ ಆಗಿನ್ನೂ ಅವರ ಕೈಯಲ್ಲೇ ಇತ್ತು.