ಹುಡುಗನ ಕಿವಿ ಹಿಂಡುವವರಿಗೆ ಮಾರಿದವರ ಕೈ ಕಾಣುವುದಿಲ್ಲವೇ?

ಇವತ್ತು ಸಂಜೆ ಕಂಡದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಸಮವಸ್ತ್ರದಲ್ಲಿದ್ದ ಇಬ್ಬರು ಹುಡುಗರು, ಹೆಚ್ಚೆಂದರೆ ಒಂಬತ್ತನೆಯ ತರಗತಿಯವರು, ಅಂಗಡಿಯೊಂದರಲ್ಲಿ ಒಂದೇ ಒಂದು ಸಿಗರೇಟು ಕೊಂಡರು. ಅಂಗಡಿಯವರು ವಯಸ್ಸು ಕೇಳುವುದಿರಲಿ, ತಾವಾಗಿಯೇ ಲೈಟರ್ ಚಾಚಿದರು. ಗೋಡೆಯ ಮರೆಯಲ್ಲಿ ಇಬ್ಬರೂ ಸರದಿಯ ಮೇಲೆ ಎಳೆದರು, ಕೆಮ್ಮಿದರು. ಕೊನೆಗೆ ಒಬ್ಬ ಬೆರಳ ತುದಿಯನ್ನು ಮೂಗಿಗೆ ಹಿಡಿದು ವಾಸನೆ ಉಳಿದಿದೆಯೇ ಎಂದು ಪರೀಕ್ಷಿಸಿಕೊಂಡ. ಪಕ್ಕದಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ಹಿರಿಯರೊಬ್ಬರು ‘ಈಗಿನ ಮಕ್ಕಳು ಕೆಟ್ಟುಹೋದರು’ ಎಂದರು. (ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.)

ಪಾಠ ಹೇಳಿಯೇ ಬದುಕಿದವನು ನಾನು ಎಂಬುದು ನಿಮಗೆ ಗೊತ್ತು. ಹುಡುಗನೊಬ್ಬ ಸಿಕ್ಕಿಬಿದ್ದ ದಿನ ಶಾಲೆಯಲ್ಲಿ ಪೋಷಕರ ಮುಂದೆ ವಿಚಾರಣೆ, ತಪ್ಪೊಪ್ಪಿಗೆ ಪತ್ರ, ಕ್ಯಾನ್ಸರಿನ ಮೇಲೊಂದು ಉಪನ್ಯಾಸ ಎಲ್ಲವೂ ನಡೆಯುತ್ತವೆ. ಮಾರಿದವರು ಯಾರು ಎಂದು ಕೇಳಿದ ಸಭೆಯನ್ನು ಮಾತ್ರ ನಾನು ಕಂಡಿಲ್ಲ. 14 ವರ್ಷದವನಿಗೆ ಐವತ್ತರಲ್ಲಿ ಬರಬಹುದಾದ ಕ್ಯಾನ್ಸರ್ ಮುಂದಿನ ಜನ್ಮದ ಮಾತು, ಗೆಳೆಯರೆದುರು ಪುಕ್ಕಲನಾಗುವುದು ಈ ಸಂಜೆಯ ಮಾತು. ಇನ್ನು ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೋ, ಬಿಡಿಯಾಗಿ ಕೊಳ್ಳುವವನ ಕಣ್ಣಿಗೆ ಅದು ಬೀಳುವುದೇ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡು 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣ ಒಪ್ಪಂದದ 16ನೆಯ ವಿಧಿ, ಅಪ್ರಾಪ್ತರಿಗೆ ಮಾರುವುದನ್ನು ತಡೆಯಬೇಕೆನ್ನುವುದರ ಜೊತೆಗೆ ಬಿಡಿ ಸಿಗರೇಟಿನ ಮಾರಾಟವನ್ನೂ ನಿಷೇಧಿಸಲು ಪ್ರಯತ್ನಿಸಬೇಕೆಂದು ಸುಮ್ಮನೆ ಹೇಳಿಲ್ಲ.

ಮಾರುವವರು ಮಕ್ಕಳನ್ನು ಬಲ್ಲಷ್ಟು ನಾವು ಬಲ್ಲೆವೇ ಎಂಬುದೇ ನನಗೆ ಅನುಮಾನ. ಅಮೆರಿಕದಲ್ಲಿ 1988ರಿಂದ 1997ರವರೆಗೆ ಕ್ಯಾಮಲ್ ಸಿಗರೇಟಿಗೆ ಒಂದು ಕಾರ್ಟೂನ್ ಒಂಟೆ ಪ್ರಚಾರಕನಾಗಿತ್ತು. 1991ರ ಅಧ್ಯಯನವೊಂದರಲ್ಲಿ 6 ವರ್ಷದ ಮಕ್ಕಳ ಪೈಕಿ ಶೇ. 91ರಷ್ಟು ಮಂದಿ ಆ ಒಂಟೆಯನ್ನು ಸಿಗರೇಟಿನ ಚಿತ್ರಕ್ಕೆ ಸರಿಯಾಗಿ ಹೊಂದಿಸಿದರು. ಪಾಪ, ಕಂಪನಿ ದೊಡ್ಡವರಿಗಾಗಿಯೇ ಕಾರ್ಟೂನ್ ಬರೆಸಿತ್ತಂತೆ!

‘ನಾವೂ ಆ ವಯಸ್ಸಿನಲ್ಲಿ ಸೇದಿದವರೇ, ಏನಾಯಿತು?’ ಎನ್ನುವವರು ಈ ಬರಹದ ಕೆಳಗೂ ಬಂದೇ ಬರುತ್ತಾರೆ. ಸ್ವಾಮಿ, ಏನಾದರೂ ಆದವರು ಹಾಗೆ ಹೇಳಲು ಉಳಿದಿರಬೇಕಲ್ಲ! ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ, ಮೆದುಳಾದರೋ ಸುಮಾರು 25ರವರೆಗೂ ಬೆಳೆಯುತ್ತಲೇ ಇರುತ್ತದೆ. ಆ ವಯಸ್ಸಿನಲ್ಲಿ ಹಿಡಿದ ಚಟ ಸುಲಭಕ್ಕೆ ಬಿಡುವುದಿಲ್ಲ. ಊರವರ ಮಾತೇಕೆ, ಹದಿನೈದಕ್ಕೆ ಶುರುಮಾಡಿದ ನನ್ನ ಅಣ್ಣ ಅರವತ್ತು ದಾಟಿದ ಮೇಲೂ, ಮೊಮ್ಮಗಳಿಗೆ ಕಾಣಬಾರದೆಂದು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಸೇದುತ್ತಾನೆ. ಅವನಿಗೂ ಮೊದಲ ಸಿಗರೇಟನ್ನು ಯಾರೋ ದೊಡ್ಡವರೇ ಮಾರಿದ್ದರು. ಪೆಟ್ಟು ಬಿದ್ದದ್ದು ಇವನೊಬ್ಬನಿಗೆ.

ಆದ್ದರಿಂದ ನಿಮ್ಮ ಮಕ್ಕಳ ಶಾಲೆಯಲ್ಲಿ ಮುಂದೆ ಇಂಥ ವಿಚಾರಣೆ ನಡೆದರೆ, ಪೋಷಕರ ಪಕ್ಕದಲ್ಲಿ ಮಾರಿದವರಿಗೂ ಒಂದು ಕುರ್ಚಿ ಹಾಕಿಸಿ. ಅದಾಗದಿದ್ದರೆ, ಬುದ್ಧಿವಾದ ಹೇಳಲು ದಯವಿಟ್ಟು ನನ್ನನ್ನು ಕರೆಯಬೇಡಿ.