ಬಿಳಿ ಚುಕ್ಕೆ

ಮೂರು ಬಿಳಿ ಚುಕ್ಕೆಗಳಿಗಾಗಿ ನಾನೂ ನನ್ನ ಗೆಳೆಯನೂ ನಿನ್ನೆಯಿಂದ ಮಾತು ಬಿಟ್ಟಿದ್ದೇವೆ.

ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಬಿಚ್ಚಿದವರಿಗೆ ಗೊತ್ತೇ ಇದೆ. ನಟ್ ಸಡಿಲಿಸುವ ಮೊದಲು ಶಾಫ್ಟಿನ ತುದಿ, ಅದರ ಮೇಲೆ ಕೂತು ಗಾಳಿ ಒತ್ತುವ ಕಂಪ್ರೆಸರ್ ವೀಲು, ನಟ್ಟು, ಮೂರಕ್ಕೂ ಒಂದೇ ಗೆರೆಯಲ್ಲಿ ಗುರುತು ಹಾಕಬೇಕು. ವಾಪಸ್ ಕೂರಿಸುವಾಗ ಮೂರೂ ಅದೇ ಗೆರೆಗೆ ಬರಬೇಕು. ಮೊದಲು ಬ್ಯಾಲೆನ್ಸ್ ಮಾಡಿದ್ದು ಆ ಜೋಡಣೆಯಲ್ಲೇ ಅಲ್ವಾ? ಪೇಂಟ್ ಪೆನ್ ಹಿಡಿದು, ಉಸಿರು ಬಿಗಿಹಿಡಿದು ಚುಕ್ಕೆ ಇಟ್ಟೆ. ನಟ್ ಬಿಚ್ಚಿದೆ, ವೀಲು ತೆಗೆದೆ. ಅಷ್ಟರಲ್ಲಿ ಫೋನ್ ಬಂತು. ಹೊರಗೆ ಹೋಗಿದ್ದು ಐದೇ ನಿಮಿಷ.

ಈ ಗೆಳೆಯನಿಗೆ ಒರೆಸುವ ಚಟ. ಸುಮ್ನೆ ಕೂತರೂ ಕೈ ಬಟ್ಟೆ ಹುಡುಕುತ್ತದೆ. ಸ್ಪ್ಯಾನರ್ ಕೇಳಿದರೆ ಒರೆಸಿ ಕೊಡುತ್ತಾನೆ, ವಾಪಸ್ ಕೊಟ್ಟರೆ ಒರೆಸಿ ಇಡುತ್ತಾನೆ. ಹಳೇ ಗ್ಯಾಸ್ಕೆಟನ್ನೂ ಒರೆಸಿಯೇ ಬಿಸಾಡುವುದು. ಒಮ್ಮೆ ಎಂಜಿನ್ ಆಯಿಲ್ ಎಷ್ಟಿದೆ ನೋಡು ಅಂದಿದ್ದೆ. ಡಿಪ್‌ಸ್ಟಿಕ್ ಎಳೆದ, ಒರೆಸಿದ, ಅದ್ದಿದ, ಮತ್ತೆ ಎಳೆದ, ಮತ್ತೆ ಒರೆಸಿ ನನ್ನ ಕೈಗೆ ಕೊಟ್ಟ.

ಒಳಗೆ ಬಂದರೆ ಮೂರೂ ಮದುಮಕ್ಕಳ ಹಾಗೆ ಸಾಲಾಗಿ ಕೂತು ಹೊಳೆಯುತ್ತಿವೆ.

"ಎಂಥದೋ ಬಿಳಿ ಕಲೆ ಇತ್ತು ಕಣೋ. ನಟ್ಟಿಂದು ಹೋಗ್ತಾನೇ ಇರ್ಲಿಲ್ಲ. ಥಿನ್ನರ್ ಹಾಕಿ ಉಜ್ಜಿದೆ."

ಕೂಗಾಡಿದೆ. "ಚುಕ್ಕೆ ತಾನೆ?" ಅಂದ. ಸಿಕ್ಕ ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ 0.1 ಗ್ರಾಂ ಜಾಸ್ತಿ ಇದ್ದರೆ ಸಾಕು, ನಿಮಿಷಕ್ಕೆ 1,50,000 ಸುತ್ತಿನಲ್ಲಿ ಅದರ ಎಳೆತ ಸುಮಾರು 25 ಕಿಲೋ ಭಾರದಷ್ಟು. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಬೇರಿಂಗ್‌ಗೂ ಶಾಫ್ಟಿಗೂ ನಡುವೆ ಇರುವುದು ತೆಳ್ಳನೆ ಆಯಿಲ್ ಪದರ ಅಷ್ಟೇ. ಹಾಳೆ ಇಸಿದುಕೊಂಡು ಪೂರ್ತಿ ಓದಿದ. ಆಮೇಲೆ ಅದರಲ್ಲೇ ಮೇಜಿನ ಗ್ರೀಸ್ ಒರೆಸಿದ.

ನಮ್ಮಪ್ಪ ಏನು ಬಿಚ್ಚುವುದಿದ್ದರೂ ಮೊದಲು ಮೊಳೆಯಲ್ಲಿ ಗೀರು ಹಾಕುತ್ತಿದ್ದರು. ಹೊಸ ಫ್ಯಾನಿನ ಮೇಲೂ ಗೀರಿದ್ದಕ್ಕೆ ನಾನು ಜಗಳ ಆಡಿದ್ದೆ. ಅಪ್ಪ ಹೋಗಿ ಎಷ್ಟೋ ವರ್ಷ ಆಯಿತು. ರೆಕ್ಕೆ ತೊಳೆಯಲು ಫ್ಯಾನ್ ಇಳಿಸಿದಾಗಲೆಲ್ಲ ಆ ಗೀರುಗಳು ಸಿಗುತ್ತವೆ, ಎದುರುಬದುರಾಗಿ.

ಈಗ ಬೇರೆ ದಾರಿಯಿಲ್ಲ. ಜೋಡಿಸಿದ ಕೋರನ್ನು, ಅಂದರೆ ಶಾಫ್ಟು, ವೀಲು, ಬೇರಿಂಗ್ ಇರುವ ನಡುಭಾಗವನ್ನು, ಬ್ಯಾಲೆನ್ಸಿಂಗ್ ಮಶಿನ್ನಿಗೆ ಒಯ್ಯಬೇಕು. ಅಲ್ಲಿ ಆಯಿಲ್ ಕೊಟ್ಟು ಜೋರಾಗಿ ತಿರುಗಿಸಿ, ಎಷ್ಟು ಅದುರುತ್ತದೆ ಅಂತ ನೋಡಿ, ನಟ್ಟಿನ ಅಂಚನ್ನು ಚೂರು ಚೂರೇ ಸವೆಸುತ್ತಾರೆ. ಆ ಖರ್ಚು ನನ್ನದೇ.

ಬೆಳಿಗ್ಗೆ ಅವನ ಮೆಸೇಜ್ ಬಂತು. ಕ್ಷಮೆ ಕೇಳಿರಬೇಕು ಅಂತ ತೆಗೆದು ನೋಡಿದೆ.

"ನಿನ್ನ ಪೆನ್ನಿನ ತುದೀಲೂ ಅದೇ ಬಿಳಿ ಕಲೆ ಇತ್ತು. ಒರೆಸಿಟ್ಟಿದ್ದೀನಿ."