ಎಂಟು ಗಂಟೆಯ ಫೋನು

2020ರ ಮಾರ್ಚ್ ನಡುವಿನಲ್ಲಿ ಕೊರೊನಾದಿಂದಾಗಿ ಕಾಲೇಜುಗಳಿಗೆ ರಜೆ ಘೋಷಣೆಯಾಗಿ, ತುಮಕೂರಿನ ಹಾಸ್ಟೆಲುಗಳಿಂದ ಪಾವಗಡ, ಮಧುಗಿರಿ, ಶಿರಾ ಕಡೆಯ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದಾಗ, ‘ಸದ್ಯ, ಮನೆ ಸೇರಿಕೊಂಡರಲ್ಲ’ ಎಂದು ಅಧ್ಯಾಪಕರಾದ ನಾವು ನಿರಾಳರಾದೆವು. ಮನೆಗಿಂತ ದೊಡ್ಡ ಆಸರೆ ಇಲ್ಲವೆಂಬ ಆ ನಂಬಿಕೆ ಅರ್ಧ ಮಾತ್ರ ನಿಜವೆಂಬುದು ನನಗೆ ತಡವಾಗಿ ತಿಳಿಯಿತು.

ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಅಂತ್ಯದೊಳಗೆ ಮುಗಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆ ವರ್ಷದ ಜುಲೈ 6ರಂದು ಹೇಳಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಆಗಸ್ಟ್ 28ರಂದು. ಪರೀಕ್ಷೆ ಇದೆಯೋ ಇಲ್ಲವೋ ಎಂಬ ಆ ಎರಡು ತಿಂಗಳ ತೂಗಾಟದಲ್ಲಿ ನನಗೆ ಬಂದ ಫೋನುಗಳಲ್ಲಿ ‘ಆತಂಕ’ ಎಂಬ ಪದವನ್ನು ಒಬ್ಬರೂ ಬಳಸಲಿಲ್ಲ. ‘ರಾತ್ರಿ ನಿದ್ದೆ ಬರ್ತಿಲ್ಲ ಸಾರ್’, ‘ಸುಮ್ಮಸುಮ್ಮನೆ ಎದೆ ಢವಢವ ಅಂತದೆ’ ಎನ್ನುತ್ತಿದ್ದರು. ನಾನು ‘ಧೈರ್ಯವಾಗಿರಮ್ಮ, ಓದಿಕೋ’ ಎಂದು ಹೇಳಿ ಫೋನಿಡುತ್ತಿದ್ದೆ. ಅದನ್ನೇ ಬೆಂಬಲವೆಂದು ತಿಳಿದಿದ್ದೆ.

ಸಾಮಾಜಿಕ ಬೆಂಬಲವನ್ನು ಅಳೆಯಲು ಮನಶ್ಶಾಸ್ತ್ರದಲ್ಲಿ ಹೆಚ್ಚಾಗಿ ಬಳಸುವ, 1988ರಲ್ಲಿ ಪ್ರಕಟವಾದ 12 ಹೇಳಿಕೆಗಳ ಮಾಪಕವೊಂದಿದೆ. ಅದು ಕುಟುಂಬ, ಗೆಳೆಯರು, ತೀರಾ ಆಪ್ತರಾದ ಒಬ್ಬರು ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಅಲ್ಲದೆ ಎಷ್ಟು ಜನ ಸುತ್ತ ಇದ್ದಾರೆ ಎಂಬುದನ್ನಲ್ಲ, ನೆರವಿಗೆ ಇದ್ದಾರೆಂದು ಆ ವ್ಯಕ್ತಿಗೆ ಅನಿಸುತ್ತದೆಯೇ ಎಂಬುದನ್ನು ಅಳೆಯುತ್ತದೆ. ಕೂಲಿ ನಿಂತು ಕಂಗಾಲಾದ ಅಪ್ಪನ ಎದುರು ಮಗಳು ತನ್ನ ಎದೆಬಡಿತದ ಮಾತೆತ್ತುವುದಾದರೂ ಹೇಗೆ? ಮನೆಯವರ ಪ್ರೀತಿಗೇನೂ ಕೊರತೆಯಿರಲಿಲ್ಲ, ಆದರೆ ಅವರ ಕಷ್ಟದ ಮೇಲೆ ತನ್ನದನ್ನೂ ಹೇರಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಹಾಸ್ಟೆಲಿನ ಪಕ್ಕದ ಮಂಚದವಳ ಹತ್ತಿರವಾದರೆ ಆ ಅಳುಕಿರಲಿಲ್ಲ.

ಪಾವಗಡ ಕಡೆಯ ಒಬ್ಬ ವಿದ್ಯಾರ್ಥಿನಿ ಆಮೇಲೆ ಹೇಳಿದ್ದು: ಒಂದೇ ಕೋಣೆಯಲ್ಲಿದ್ದ ನಾಲ್ವರು, ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದ ರಾತ್ರಿ ಎಂಟು ಗಂಟೆಗೇ ದಿನವೂ ಫೋನಿನಲ್ಲಿ ಸೇರುತ್ತಿದ್ದರಂತೆ. ಪಾಠದ ಮಾತಿಲ್ಲ, ಸಮಾಧಾನದ ಮಾತೂ ಇಲ್ಲ. ಇವತ್ತು ನಿಮ್ಮನೆಯಲ್ಲಿ ಏನು ಸಾರು, ಮುದ್ದೆ ಗಟ್ಟಿಯೋ ಮೆತ್ತಗೋ, ಇಷ್ಟೇ. ಒಬ್ಬಳು ಎರಡು ದಿನ ಬರದಿದ್ದಾಗ ಉಳಿದವರು ಅವಳ ಅಣ್ಣನ ನಂಬರು ಹುಡುಕಿ ಮಾತಾಡಿಸಿದರಂತೆ. ಅದೇ ತಿಂಗಳುಗಳಲ್ಲಿ ನಾನು ಆನ್‌ಲೈನ್ ತರಗತಿಗೆ ಬರದವರ ಹೆಸರಿನ ಮುಂದೆ ‘ಗೈರು’ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆ.

2022ರ ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯಕ್ಕೆಂದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಬಂತು. 14416 ಎಂಬ ಆ ಸಂಖ್ಯೆಯನ್ನು ಎಲ್ಲ ಕಾಲೇಜಿನ ಗೋಡೆಗೂ ಅಂಟಿಸಬೇಕು, ತಕರಾರಿಲ್ಲ. ಆದರೆ ಎದೆ ಢವಗುಟ್ಟುವ ಹುಡುಗಿ ಗುರುತಿಲ್ಲದ ದನಿಗೆ ಫೋನು ಮಾಡುವ ಹಂತಕ್ಕೆ ಬರುವ ಮೊದಲೇ, ಗುರುತಿರುವ ದನಿಯೊಂದು ಅವಳನ್ನು ಕೇಳಿರಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಪ್ರತಿ ರಜೆಗೆ ಮುನ್ನ ನಮ್ಮ ತರಗತಿಯವರನ್ನು ‘ಊರಿಗೆ ಹೋದಮೇಲೆ ನಿನಗೆ ಯಾರು ಫೋನ್ ಮಾಡುತ್ತಾರೆ?’ ಎಂದು ಕೇಳಿ, ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಹಲವರು ನಗುತ್ತಾರೆ. ಈ ಸಲ ನಾಲ್ಕು ಹೆಸರುಗಳ ಮುಂದೆ ಜಾಗ ಖಾಲಿ ಇದೆ. ಆ ನಾಲ್ವರಿಗೆ ಎಂಟು ಗಂಟೆಗೆ ನಾನೇ ಮಾಡುತ್ತಿದ್ದೇನೆ, ಸಾರಿನ ವಿಷಯ ಕೇಳಲು.